ಗಾಳಿಗಿರಣಿಯ ಹಿತ್ತಲ ಬಾಗಿಲು

ಸಿಟ್ಟು ಬಂದರೆ ಮೂಲೆ ಹಿಡಿದು ಕೂರುವುದು ನಮ್ಮ ಮನೆಯ ಹೆಂಗಸರ ಹಳೆಯ ಪದ್ಧತಿ. ಅಜ್ಜಿ ಕೂರುತ್ತಿದ್ದರು, ಅಮ್ಮ ಕೂರುತ್ತಿದ್ದಳು, ನಾನೂ ಕೂತವಳೇ. ಅಮೆರಿಕಕ್ಕೆ ಬಂದ ಮೊದಲ ದಿನವೇ ನನಗೆ ಸಿಟ್ಟು ಬಂತು. ಕೂರೋಣವೆಂದು ಸುತ್ತ ನೋಡಿದರೆ ಆ ಮನೆಯಲ್ಲಿ ಮೂಲೆಯೇ ಇಲ್ಲ! ಎತ್ತ ತಿರುಗಿದರೂ ದುಂಡನೆಯ ಕಲ್ಲಿನ ಗೋಡೆ. ಬಾವಿಗೆ ಬಿದ್ದವರಿಗೆ ತಲೆಯ ಮೇಲೆ ಆಕಾಶವಾದರೂ ಕಾಣುತ್ತದೆ. ಇಲ್ಲಿ ತಲೆಯ ಮೇಲೆ ಮರದ ಅಟ್ಟ, ಅದರ ಮೇಲೆ ಇನ್ನೊಂದು ಅಟ್ಟ.

ಸಿಟ್ಟಿಗೆ ಕಾರಣ ದೇವರು. ಮೈಸೂರಿನಿಂದ ಸೀರೆಯಲ್ಲಿ ಸುತ್ತಿ ತಂದಿದ್ದ ಚಾಮುಂಡಿಯ ಸಣ್ಣ ವಿಗ್ರಹ ಕೈಯಲ್ಲಿ ಹಿಡಿದು, “ದೇವರ ಮನೆ ಎಲ್ಲಿ ರೀ?” ಅಂದೆ. ನಮ್ಮ ಯಜಮಾನರು, ಶ್ರೀಧರ, ಫ್ರಿಜ್ಜಿನ ನೆತ್ತಿಯ ಕಡೆ ಕೈ ತೋರಿಸಿದರು. ಅಲ್ಲಿ ಗಣಪತಿ, ಲಕ್ಷ್ಮಿ, ಒಂದು ಪುಟ್ಟ ದೀಪ, ದೀಪದ ಪಕ್ಕಕ್ಕೆ ಬ್ರೆಡ್ಡಿನ ಪ್ಯಾಕೆಟ್ಟು.

“ರೌಂಡ್ ಮನೆ ಅಲ್ವಾ, ಕಂಪಾಸ್ ಇಟ್ಟು ನೋಡಿದ್ವಿ. ಈಶಾನ್ಯ ಕರೆಕ್ಟಾಗಿ ಅಲ್ಲೇ ಬರುತ್ತೆ,” ಅಂದರು.

ತಂಗಳು ಪೆಟ್ಟಿಗೆಯ ಮೇಲೆ ದೇವರೇ? ಶಿವ ಶಿವಾ ಎಂದು ಗಣಪತಿಯನ್ನು ಕೆಳಗಿಳಿಸಲು ಕೈ ಚಾಚಿದೆ. ಮೆಟ್ಟಿಲ ಮೇಲಿಂದ ಒಂದು ದನಿ ಬಂತು.

“ಡೋಂಟ್ ಮೂವ್ ಇಟ್. ಅಮ್ಮ ಇಟ್ಟಿದ್ದು.”

ಯಜಮಾನರ ಮಗಳು ಇಂಚರ ನನ್ನೊಡನೆ ಆಡಿದ ಮೊದಲ ಮಾತು ಅದು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ನನ್ನ ಚಾಮುಂಡಿ ಸೂಟ್‌ಕೇಸಿಗೇ ವಾಪಸು ಹೋದಳು.

ನಾನು ರತ್ನ. ಮೈಸೂರಿನ ನಂಜುಮಳಿಗೆಯ ಹತ್ತಿರ ಅಪ್ಪ ಬಿಟ್ಟುಹೋದ ಹಿಟ್ಟಿನ ಗಿರಣಿ ನಡೆಸುತ್ತಿದ್ದವಳು. ರಾಗಿ, ಗೋಧಿ, ಹುರಿದ ಅಕ್ಕಿ, ಮೆಣಸಿನಕಾಯಿ, ಎಲ್ಲಕ್ಕೂ ನಾನೇ. ಹುಬ್ಬಿನ ಮೇಲೆ ಸದಾ ಹಿಟ್ಟು ಕೂತಿರುತ್ತಿದ್ದ ಕಾರಣಕ್ಕೋ, ನಾಲಿಗೆ ಸ್ವಲ್ಪ ಉದ್ದ ಎನ್ನುವ ಕಾರಣಕ್ಕೋ, ಮದುವೆ ಆಗಿರಲಿಲ್ಲ. ಬೇಕೆಂದೂ ಅನ್ನಿಸಿರಲಿಲ್ಲ. ಆಮೇಲೆ ಶ್ರೀಧರ ಅವರ ಸಂಬಂಧ ಬಂತು. ಮೈಸೂರಿನವರೇ, ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿ ಕೆಲಸ. ಹೆಂಡತಿ ಸುಮಾ ಕಾಯಿಲೆಯಲ್ಲಿ ತೀರಿಕೊಂಡಿದ್ದರು. ಅಲ್ಲೇ ಹುಟ್ಟಿ ಬೆಳೆದ ಮಗಳೊಬ್ಬಳು. ಮನುಷ್ಯ ಮೆತ್ತಗೆ ಮಾತಾಡುತ್ತಿದ್ದರು, ನನ್ನ ಗಿರಣಿಯ ಬಗ್ಗೆ ಅಕ್ಕರೆಯಿಂದ ಕೇಳುತ್ತಿದ್ದರು. “ನಾವಿರೋದೂ ಒಂದು ಹಳೇ ಮಿಲ್ಲೇ. ಮನೆ ಮಾಡಿದಾರೆ. ನಿಮ್ಗೆ ಇಷ್ಟ ಆಗುತ್ತೆ,” ಎಂದಿದ್ದರು. ಒಂದು ಗಿರಣಿಯಿಂದ ಇನ್ನೊಂದು ಗಿರಣಿಗೆ ತಾನೇ ಎಂದು ನಾನೂ ನಕ್ಕು ಒಪ್ಪಿಕೊಂಡೆ.

ಹೊರಡುವಾಗ ತಮ್ಮ ಮಂಜು ಮಾತ್ರ ನಗಲಿಲ್ಲ. “ಅಕ್ಕ, ಮಿಲ್ ಬಾಗ್ಲು ಹಾಕಿಟ್ಟಿರ್ತೀನಿ. ಮಷಿನ್ ಮಾರಲ್ಲ. ಒಂದೂವರೆ ವರ್ಷ ನೋಡು. ಆಗ್ಲಿಲ್ವಾ, ಬಂದ್ಬಿಡು. ಅಲ್ಲೇ ಸರಿಹೋಯ್ತಾ, ಆಗ ಹೇಳು, ಈ ಜಾಗದಲ್ಲಿ ನಾನು ಮೊಬೈಲ್ ಅಂಗಡಿ ಇಡ್ತೀನಿ,” ಅಂದ. ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ನಾನು ವಿಮಾನ ಹತ್ತಿದ್ದು.

ಅದು 2022ರ ಜನವರಿ. ಮಾಸ್ಕು ಹಾಕಿದ ಜನ, ಮೊಣಕಾಲುದ್ದ ಹಿಮ. ಹಿಮದ ಮಧ್ಯೆ ಬೋರಲು ಹಾಕಿದ ದೊಡ್ಡ ಲೋಟದ ಹಾಗೆ ನಮ್ಮ ಮನೆ. ಕೆಳಗೆ ಅಡುಗೆ ಮತ್ತು ಕೂರುವ ಜಾಗ, ಅದರ ಮೇಲೆ ನಮ್ಮ ಕೋಣೆ, ಅದರ ಮೇಲೆ ಇಂಚರಳದು. ರೆಕ್ಕೆಗಳು ಯಾವ ಕಾಲದಲ್ಲೋ ಹೋಗಿದ್ದವು. ಗಿರಣಿಯ ಗುರುತಾಗಿ ಉಳಿದದ್ದು ಎರಡೇ: ಚಳಿಗೆ ಬೆಂಕಿ ಹಾಕುವ ಒಲೆಗೂಡಿನ ಮುಂದೆ ನೆಲದಲ್ಲಿ ಹೂತ ಬೀಸುವ ಕಲ್ಲು ಮತ್ತು ಅಟ್ಟಕ್ಕೆ ತೂಗುಬಿಟ್ಟ ಓಕ್ ಮರದ ಹಲ್ಲಿನ ಚಕ್ರ. ಇಡೀ ಮನೆಗೆ ಬಾಗಿಲು ಒಂದೇ, ಅದೂ ನೈಋತ್ಯಕ್ಕೆ! ಮೈಸೂರಿನಲ್ಲಾದರೆ ಇಂಥ ಮನೆಗೆ ಪುಕ್ಕಟೆ ಕೊಡುತ್ತೇನೆಂದರೂ ಯಾರೂ ಬರುವುದಿಲ್ಲ.

ದುಂಡು ಮನೆಯಲ್ಲಿ ಸಂಸಾರ ಮಾಡಿದವರಿಗೇ ಗೊತ್ತು ಅದರ ಕಷ್ಟ. ಬೀರು ಗೋಡೆಗೆ ಅಂಟುವುದಿಲ್ಲ. ಅದರ ಬೆನ್ನ ಹಿಂದೆ ಸಂದು, ಸಂದಿನಲ್ಲಿ ಬಿದ್ದ ಸೌಟು ಮುಂದಿನ ಜನ್ಮಕ್ಕೇ. ಕಸ ಗುಡಿಸಿ ಮೂಲೆಗೆ ತಳ್ಳೋಣವೆಂದರೆ ಸುತ್ತುಹಾಕಿ ನನ್ನ ಕಾಲಿಗೇ ಬರುತ್ತಿತ್ತು. ಗೋಡೆ ಎಷ್ಟು ದಪ್ಪವೆಂದರೆ ಫೋನಿಗೆ ಸಿಗ್ನಲ್ಲೂ ಒಳಗೆ ಬರುತ್ತಿರಲಿಲ್ಲ. ಮಂಜುವಿನ ಜೊತೆ ಮಾತಾಡಬೇಕಾದರೆ ಬಾಗಿಲು ತೆರೆದು ಹಿಮದಲ್ಲಿ ನಿಲ್ಲಬೇಕು. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಹಳೆಯ ಕಟ್ಟಡವಾದ್ದರಿಂದ ಏನನ್ನೂ ಬದಲಾಯಿಸಬಾರದೆಂದು ಕೌಂಟಿಯವರ, ಅಂದರೆ ಇಲ್ಲಿಯ ಜಿಲ್ಲಾಡಳಿತದವರ, ಕಟ್ಟುನಿಟ್ಟು.

ನಂಜುಮಳಿಗೆಯಲ್ಲಿ ನನ್ನ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. ಇಲ್ಲಿ ಶ್ರೀಧರ ಬೆಳಕು ಹರಿಯುವ ಮುಂಚೆ ಸ್ಟರ್ಲಿಂಗಿಗೆ ಹೊರಡುತ್ತಿದ್ದರು. ಅವರ ಕೆಲಸ ಡೇಟಾ ಸೆಂಟರಿನಲ್ಲಿ. ಜನರ ಫೋಟೊ, ಪತ್ರ, ಲೆಕ್ಕ ಎಲ್ಲ ತುಂಬಿಟ್ಟ, ಕಿಟಕಿಯಿಲ್ಲದ ಗೋದಾಮುಗಳು ಅವು. ನಮ್ಮ ಹೊಲದಾಚೆಗೂ ಒಂದು ಎದ್ದಿತ್ತು. ಗಾಳಿ ಈ ಕಡೆ ತಿರುಗಿದರೆ ಅದರ ಗುಂಯ್ ಎನ್ನುವ ಸದ್ದು ಕೇಳುತ್ತಿತ್ತು. ಥೇಟ್ ನಮ್ಮ ಗಿರಣಿಯ ಮೋಟರಿನ ಸದ್ದು, ಕಾಳು ಹಾಕದೆ ಬರಿದೇ ಓಡಿಸಿದ ಹಾಗೆ. ಎಷ್ಟೋ ಸಲ ಸ್ವಿಚ್ ಆರಿಸಲು ಕೈ ತಾನಾಗಿ ಗೋಡೆಯ ಕಡೆ ಹೋಗುತ್ತಿತ್ತು. ನನಗೆ ಕೆಲಸ ಮಾಡುವ ಪರವಾನಗಿ ಇಲ್ಲ, ಕಾರು ಓಡಿಸಲು ಬರುವುದಿಲ್ಲ, ರಸ್ತೆಯ ಪಕ್ಕ ನಡೆಯಲು ಜಾಗವಿಲ್ಲ. ಊಟಕ್ಕೆ ಕೊರತೆಯಿಲ್ಲ, ಗಂಡ ಬೈಯುವವರಲ್ಲ. ಆದರೆ ಸಿಕ್ಕಿಹಾಕಿಕೊಂಡಿದ್ದೆ. ಬೆಳಿಗ್ಗೆ ಎದ್ದರೆ ಗೋಡೆ, ಸುತ್ತು ಬಂದರೆ ಮತ್ತೆ ಅದೇ ಗೋಡೆ. ಗಾಣದ ಎತ್ತಾದರೂ ಎಣ್ಣೆ ತೆಗೆಯುತ್ತದೆ.

ಹಿಟ್ಟಿನ ಮಾತು ಹೇಳದಿದ್ದರೆ ನಿದ್ದೆ ಬರುವುದಿಲ್ಲ. ಇಂಡಿಯನ್ ಸ್ಟೋರಿನಿಂದ ರಾಗಿ ಹಿಟ್ಟಿನ ಪ್ಯಾಕೆಟ್ ತಂದರು. ಮೂಗಿಗೆ ಹಿಡಿದೆ, ಮಣ್ಣಿನ ವಾಸನೆ. ಬೀಸಿ ಎಷ್ಟು ತಿಂಗಳಾಗಿತ್ತೋ ಆ ದೇವರಿಗೇ ಗೊತ್ತು. ಬಿಸಿ ಹಿಟ್ಟನ್ನು ಕೈಯಲ್ಲಿ ಹಿಡಿದು ಬೆಳೆದವಳಿಗೆ ಅದರಲ್ಲಿ ಮುದ್ದೆ ಕಟ್ಟುವುದೆಂದರೆ ಅವಮಾನ. ಕಟ್ಟಿದೆ. ಶ್ರೀಧರ ಕಣ್ಣು ಮುಚ್ಚಿ ನುಂಗಿದರು. ಇಂಚರ ತಟ್ಟೆಯನ್ನೇ ನೋಡಿ, “ಆಂಟಿ, ನಂಗೆ ಸೀರಿಯಲ್ ಸಾಕು,” ಎಂದು ಹಾಲು-ಕಾರ್ನ್‌ಫ್ಲೇಕ್ಸಿನ ಬಟ್ಟಲು ಹಿಡಿದು ಮೇಲೆ ಹೋದಳು.

ಆಂಟಿ. ಇಲ್ಲಿ ಕನ್ನಡದ ಮಕ್ಕಳು ಅಂಗಡಿಯಲ್ಲಿ ಸಿಕ್ಕ ಹೆಂಗಸಿಗೂ ಆಂಟಿ, ಅಪ್ಪನ ಸ್ನೇಹಿತನ ಹೆಂಡತಿಗೂ ಆಂಟಿ. ನಾನು ಆ ಸಾಲಿನಲ್ಲಿ ಒಬ್ಬಳು. ಅಮ್ಮ ಅನ್ನು ಎಂದು ನಾನು ಕೇಳುವವಳಲ್ಲ. ಹೆತ್ತವಳ ಜಾಗ ಹೆತ್ತವಳದು. ಆದರೂ ದಿನಾ ಅನ್ನ ಬಡಿಸುವವಳು ದಾರಿಹೋಕಳ ಹಾಗೆ ಕರೆಸಿಕೊಳ್ಳುವಾಗ ನೋವಾಗದೆ ಇರುತ್ತದೆಯೇ? ಒಗ್ಗರಣೆ ಡಬ್ಬಿ ಸ್ವಲ್ಪ ಸರಿಸಿದರೆ, “ಅಮ್ಮ ಇಟ್ಟಿದ್ದು.” ಪರದೆ ಒಗೆಯಲು ತೆಗೆದರೆ, “ಅಮ್ಮ ಹಾಕಿದ್ದು.” ಕೌಂಟಿಯವರಿಗಿಂತ ಈ ಹುಡುಗಿಯ ಕಟ್ಟುನಿಟ್ಟು ಜಾಸ್ತಿಯಿತ್ತು. ಹೊರಗೆ ಹೋದರೂ ಅದೇ. ರಾಕ್‌ವಿಲ್ ಎಂಬ ಊರಿನಲ್ಲಿ ಯುಗಾದಿಗೆ ಕನ್ನಡದವರೆಲ್ಲ ಸೇರಿದ್ದಾಗ ಒಬ್ಬಾಕೆ ನನ್ನ ಕೈ ಹಿಡಿದು, “ಸುಮಾ ಎಷ್ಟ್ ಚೆನ್ನಾಗ್ ಹಾಡ್ತಿದ್ರು ಗೊತ್ತಾ? ನೀವ್ ಹಾಡ್ತೀರಾ?” ಎಂದರು.

“ಇಲ್ಲ, ನಾನು ಬೀಸ್ತೀನಿ,” ಅಂದೆ. ಬೀಸುವಾಗ ಹಾಡುವುದೂ ಉಂಟು ಎಂದು ಆಮೇಲೆ ನೆನಪಾಯಿತು.

ಬೇಸಿಗೆ ಕಳೆಯುವಷ್ಟರಲ್ಲಿ ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆ. ಮಂಜು ಕೊಟ್ಟ ಅವಧಿ ಮುಗಿಯುವುದರೊಳಗೆ ಊರಿಗೆ ಹೋಗುವುದು. ಹೋದ ಮೇಲೆ ವಾಪಸು ಬರಬೇಕೆಂದರೆ ವೀಸಾ ಮುದ್ರೆ ಹೊಸದಾಗಿ ಹಾಕಿಸಬೇಕು, ಅದಕ್ಕೆ ಅಪಾಯಿಂಟ್‌ಮೆಂಟೇ ಸಿಗುತ್ತಿಲ್ಲ ಎಂದು ಎಲ್ಲರೂ ಅಳುತ್ತಿದ್ದ ಕಾಲ. ನನಗೆ ಅದೇ ಒಳ್ಳೆಯ ನೆಪ. ಗಂಡನನ್ನು ಬಿಟ್ಟು ಬಂದಳು ಎನ್ನುವ ಬದಲು ಮುದ್ರೆ ಸಿಗಲಿಲ್ಲ ಎಂದರಾಯಿತು. ಯಾರಿಗೂ ಬೇಜಾರಿಲ್ಲ.

ಅಷ್ಟರಲ್ಲಿ ಆಯುಧ ಪೂಜೆ ಬಂತು.

ಗಿರಣಿಯವರಿಗೆ ಅದಕ್ಕಿಂತ ದೊಡ್ಡ ಹಬ್ಬ ಯಾವುದಿದೆ? ಮಷಿನ್ ತೊಳೆದು, ಬೆಲ್ಟಿಗೆ ಹೂ ಕಟ್ಟಿ, ಬೂದುಗುಂಬಳದೊಳಗೆ ಕುಂಕುಮ ತುಂಬಿ ಬಾಗಿಲಲ್ಲಿ ಒಡೆದರೇ ವರ್ಷವಿಡೀ ನೆಮ್ಮದಿ. ಒಡೆಯದೆ ಬಿಟ್ಟ ವರ್ಷ ಅಪ್ಪನ ಬೆರಳು ಬೆಲ್ಟಿಗೆ ಸಿಕ್ಕಿತ್ತು. ಇಲ್ಲಿ ನನ್ನ ಮಷಿನ್ ಇಲ್ಲದಿದ್ದರೇನು, ಇರುವುದೂ ಗಿರಣಿಯೇ ಅಲ್ಲವೇ ಅನ್ನಿಸಿತು. ನೆಲದ ಕಲ್ಲನ್ನು ತಿಕ್ಕಿ ತೊಳೆದೆ. ಸ್ಟೂಲು ಹತ್ತಿ ಅಟ್ಟದ ಮರದ ಚಕ್ರಕ್ಕೆ ಅರಿಶಿನ ಕುಂಕುಮ ಇಟ್ಟೆ. ಬೂದುಗುಂಬಳ ಸಿಗಲಿಲ್ಲ. ಆದರೆ ಅಕ್ಟೋಬರ್ ತಿಂಗಳೆಂದರೆ ಇಲ್ಲಿ ರಸ್ತೆಯ ತುಂಬಾ ಕಿತ್ತಳೆ ಬಣ್ಣದ ಕುಂಬಳಕಾಯಿಯ ರಾಶಿ. ಇಲ್ಲಿಯವರು ಅದಕ್ಕೆ ಕಣ್ಣು ಮೂಗು ಕೊರೆದು ದೆವ್ವ ಮಾಡುತ್ತಾರೆ, ನಾವು ದೆವ್ವ ಓಡಿಸಲು ಒಡೆಯುತ್ತೇವೆ. ದೊಡ್ಡದೊಂದು ತರಿಸಿ ತೂತು ಮಾಡಿ, ಕುಂಕುಮದ ನೀರನ್ನು ಧಾರಾಳವಾಗಿ ತುಂಬಿದೆ. ಶ್ರೀಧರ ಕೆಲಸದಲ್ಲಿದ್ದರು. ಸ್ಕೂಲ್ ಬಸ್ಸಿನಿಂದ ಇಳಿದು ಬಂದಿದ್ದ ಇಂಚರ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ನಾನು ಕಾಯಿಯನ್ನು ತಲೆಯ ಮೇಲೆತ್ತಿ ಬಾಗಿಲ ಕಲ್ಲಿಗೆ ಅಪ್ಪಳಿಸಿದೆ.

ಆ ಹೊಡೆತಕ್ಕೆ ಬಾಗಿಲು, ಗೋಡೆ, ನನ್ನ ಸೀರೆ ಎಲ್ಲ ಕೆಂಪೋಕೆಂಪು. ಅದೇ ಗಳಿಗೆಗೆ ನಮ್ಮ ಮನೆಯೊಡತಿ ಮಾರ್ಗರೆಟ್ ಕಾರು ತಂದು ನಿಲ್ಲಿಸಬೇಕೇ! ಎಂಬತ್ತು ದಾಟಿದ ಮುದುಕಿ, ಗಂಡ ಹೋದ ಮೇಲೆ ಹೊಲದಾಚೆಯ ಮನೆಯಲ್ಲಿ ಒಬ್ಬರೇ ಇರುವವರು. ಕಾರಿನಿಂದ ಇಳಿದು ಎದೆ ಹಿಡಿದುಕೊಂಡು ಚೀರಿದರು: “ಓ ಮೈ ಗಾಡ್! ವೇರ್ ಈಸ್ ದ ಚೈಲ್ಡ್?”

ನನಗೆ ಇಂಗ್ಲಿಷೇ ಮರೆತುಹೋಯಿತು. ಕೈಯೂ ಕೆಂಪು, ಅದನ್ನೇ ಆಡಿಸುತ್ತಾ “ನೋ, ನೋ, ಫೆಸ್ಟಿವಲ್” ಎನ್ನುತ್ತಿದ್ದೆ. ಕೊಲೆಗಾರ್ತಿಯೂ ಹಾಗೆಯೇ ಹೇಳುತ್ತಾಳೇನೋ.

ಇಂಚರ ನನ್ನನ್ನು ದಾಟಿಕೊಂಡು ಓಡಿದಳು. “ಮಿಸ್ ಮಾರ್ಗರೆಟ್, ಇಟ್ಸ್ ಓಕೆ! ಇಟ್ಸ್ ಜಸ್ಟ್ ಅ ಪಂಪ್ಕಿನ್. ವಿ ಡೂ ದಿಸ್. ಫಾರ್ ಮಷೀನ್ಸ್.”

ನಾವು ಹೀಗೆ ಮಾಡುತ್ತೇವೆ, ಅಂದಳು! ನಾನೂ ಸೇರಿದ ನಾವು. ಆ ಮನೆಗೆ ಕಾಲಿಟ್ಟ ಮೇಲೆ ಅದನ್ನು ನಾನು ಕೇಳಿದ್ದು ಅದೇ ಮೊದಲು. ಮುದುಕಿಗೆ ನೀರು ತರುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಕಲ್ಲಿನ ಕಲೆ ಹೋಗಲಿಲ್ಲ. ಬಕೆಟ್ಟಿನ ಮೇಲೆ ಬಕೆಟ್ಟು ಸುರಿದು ಮೂವರೂ ಕೂತು ಉಜ್ಜಿದೆವು. ಕೌಂಟಿಯವರು ಏನಂದಾರು ಎಂದು ನಾನು ಹೆದರಿದರೆ, ಮಾರ್ಗರೆಟ್ ಬ್ರಷ್ ಕೆಳಗಿಟ್ಟು ನಗಲು ಶುರು ಮಾಡಿದರು. ಈ ಕಲ್ಲು ನಿಜವಾದ ರಕ್ತವನ್ನೂ ನೋಡಿದೆ ಬಿಡು ಎಂದರು. ಆಮೇಲೆ ಕಾಫಿ ಕುಡಿಯುತ್ತಾ ಅವರು ಹೇಳಿದ ಕತೆಯೇ ಈ ಮನೆಯ ಚರಿತ್ರೆ. ಇಂಚರ ಅಲ್ಲಲ್ಲಿ ನನಗೆ ಅವಳ ಕನ್ನಡದಲ್ಲಿ ಬಿಡಿಸಿ ಹೇಳಿದಳು.

ಅವರ ಗಂಡನ ಮುತ್ತಾತನ ತಂದೆ ಇಂಗ್ಲೆಂಡಿನಿಂದ ಬಂದವನು. ಅವನೂರಿನಲ್ಲಿ ಸದಾ ಬೀಸುಗಾಳಿ; ಗಾಳಿಗಿರಣಿ ಬಿಟ್ಟರೆ ಬೇರೆ ಗಿರಣಿಯನ್ನೇ ಅವನು ಕಂಡಿರಲಿಲ್ಲ. ಇಲ್ಲಿ ಹೊಳೆಯಿದೆ, ನೀರಿನ ಗಿರಣಿ ಕಟ್ಟು ಎಂದು ಅಕ್ಕಪಕ್ಕದವರು ಎಷ್ಟು ಹೇಳಿದರೂ ಕೇಳದೆ ಊರಿನ ಹಾಗೆಯೇ ಗೋಪುರ ಎಬ್ಬಿಸಿದ. ಗಾಳಿ ಇದ್ದ ದಿನ ಮೆಕ್ಕೆಜೋಳ ಬೀಸುತ್ತಿತ್ತು, ಇಲ್ಲದ ದಿನ ಮೂಟೆ ಹಿಡಿದು ಜನ ಕಾಯುತ್ತಿದ್ದರು. ನಮ್ಮಲ್ಲಿ ಕರೆಂಟು ಹೋದಾಗ ಕಾಯುವ ಹಾಗೆ ಎಂದು ನಾನಂದೆ. ಬಿಟ್ಟುಬಂದ ಊರನ್ನು ಹೊಸ ನೆಲದಲ್ಲಿ ನಿಲ್ಲಿಸಲು ಹೋದ ಆ ಹಟಮಾರಿಯ ಮೇಲೆ ನನಗೆ ಸ್ವಲ್ಪ ಮರುಕವೇ ಹುಟ್ಟಿತು. ಆದರೆ ಮಾರ್ಗರೆಟ್ ಅಲ್ಲಿಗೇ ಬಿಡಲಿಲ್ಲ. ಕಟ್ಟಿಸಿದವನು ಅವನು, ಕಟ್ಟಿದ ಕೈಗಳು ಅವನ ಬಳಿ ಇದ್ದ ಗುಲಾಮರದು. ಅವರಲ್ಲಿ ಒಬ್ಬರ ಹೆಸರೂ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಅದು ನಮಗೆ ನಾಚಿಕೆಗೇಡು ಎಂದರು.

ರಕ್ತದ ಕತೆ ಹೇಸರಗತ್ತೆಯದು. ರೆಕ್ಕೆಗಳು ಗಾಳಿ ಬಂದ ಕಡೆಗೆ ಮುಖ ಮಾಡುತ್ತಿದ್ದವು. ಗಾಳಿ ನೈಋತ್ಯದಿಂದ ಬಂದರೆ ಈ ಮುಂಬಾಗಿಲ ಮುಂದೆಯೇ ನೆಲ ಸವರಿಕೊಂಡು ಸುತ್ತುತ್ತಿದ್ದವು. ಒಂದು ದಿನ ಮೂಟೆ ಹೊತ್ತ ಹೇಸರಗತ್ತೆ ಅಡ್ಡ ಹೋಗಿ ಹೊಡೆತಕ್ಕೆ ಸತ್ತಿತಂತೆ.

“ಹಾಗಾದರೆ ಅಂಥ ದಿನ ಜನ ಹೊರಗೆ ಹೇಗೆ ಹೋಗ್ತಿದ್ರು?” ಅಂದೆ. ಇಂಚರ ಕೇಳಿ ಹೇಳಿದಳು.

“ಇನ್ನೊಂದ್ ಡೋರ್ ಇತ್ತಂತೆ. ಆಪೋಸಿಟ್ ಸೈಡು. ಗಾಳಿ ಈ ಕಡೆ ಬಂದ್ರೆ ಆ ಡೋರು.”

ಗಾಳಿಗಿರಣಿಗೆ ಎರಡು ಬಾಗಿಲು ಇರಲೇಬೇಕಂತೆ, ಎದುರುಬದುರು. ಹಾಗಾದರೆ ಎರಡನೆಯದು ಎಲ್ಲಿ? ಮಾರ್ಗರೆಟ್ ಫ್ರಿಜ್ಜಿನ ಕಡೆ ನೋಡಿದರು. ಹಬೆಯ ಗಿರಣಿ ಬಂದ ಮೇಲೆ ಇದು ಬರೀ ಕಾಳಿನ ಕಣಜವಾಯಿತು, ಆಮೇಲೆ ಪಾರಿವಾಳಗಳ ಪಾಲಾಯಿತು. ಮಾರ್ಗರೆಟ್ ಮದುವೆಯಾಗಿ ಬಂದ ಹೊಸತರಲ್ಲಿ ಅವರ ಗಂಡ ಇದನ್ನು ಮನೆ ಮಾಡಿದರು. ಫ್ರಿಜ್ಜಿಗೆ ಜಾಗ ಸಾಲದೆ ಹಿಂದಿನ ಬಾಗಿಲಿಗೆ ಇಟ್ಟಿಗೆ ತುಂಬಿ ಮುಚ್ಚಿಸಿದರು. “ನನಗೆ ಆ ಬಾಗಿಲು ಬೇಕು ಅಂತ ನಾನು ಈ ಮನೆಯಲ್ಲಿ ಇದ್ದಷ್ಟು ದಿನ ಅವನ ತಲೆ ತಿಂದೆ. ಫ್ರಿಜ್ಜು ಎಲ್ಲಿಡಲಿ ಅಂತ ಅವನು,” ಎಂದು ಮುದುಕಿ ಕಾಫಿ ಲೋಟ ತಿರುಗಿಸುತ್ತಾ ಹೇಳಿದರು. ಆ ಮಾತಿನಲ್ಲಿ ಇನ್ನೂ ಸಿಟ್ಟು ಆರಿರಲಿಲ್ಲ.

ಅವತ್ತಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ. ಹಾಲು ತೆಗೆಯಲು ಫ್ರಿಜ್ಜಿನ ಮುಂದೆ ನಿಂತರೆ ಅದರ ಹಿಂದೆ ಒಂದು ಬಾಗಿಲಿದೆ ಅನ್ನಿಸಿ ಮೈ ಜುಮ್ಮೆನ್ನುತ್ತಿತ್ತು. ಹೆಂಗಸಿಗೆ ಮುಂಬಾಗಿಲು ಇರುವುದು ನೆಂಟರಿಗೆ, ಹಿತ್ತಲ ಬಾಗಿಲು ಇರುವುದು ತನಗೆ. ಪಕ್ಕದ ಮನೆಯವಳು ಬಟ್ಟಲು ಹಿಡಿದು ಸಕ್ಕರೆಗೆ ಬರುವುದು ಅಲ್ಲಿಂದ. ಕೆಲಸ ಮುಗಿಸಿ ಕಾಲು ಚಾಚಿ ಕೂರುವುದು ಅಲ್ಲಿ. ಅತ್ತರೂ ಅಲ್ಲೇ. ಊರಿಗೆ ಹೋಗುವವಳಿಗೆ ಈ ಮನೆಯ ಬಾಗಿಲು ಯಾಕೆ ಎಂದು ನನಗೆ ನಾನೇ ಬೈದುಕೊಂಡರೂ ಆಸೆ ಬಿಡಲಿಲ್ಲ. ಮಾರ್ಗರೆಟ್‌ಗೆ ಹೇಳಿದೆ. ಅವರಿಗೆ ಹರೆಯ ಮರಳಿದಂತಾಯಿತು. ಹೊಸ ಬಾಗಿಲು ಒಡೆಯಲು ಕೌಂಟಿಯವರು ಬಿಡುವುದಿಲ್ಲ, ಮೊದಲೇ ಇದ್ದದ್ದನ್ನು ತೆರೆಯಲು ಯಾಕೆ ಬಿಡುವುದಿಲ್ಲ ನೋಡೋಣ ಎಂದು ಓಡಾಡಿ, ಚಳಿಗಾಲ ಕಳೆಯುವಷ್ಟರಲ್ಲಿ ಒಪ್ಪಿಗೆ ಪಡೆದುಕೊಂಡೇ ಬಂದರು.

ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದೆ. ಶ್ರೀಧರ ಎಂದಿನಂತೆ, “ಬೇಡ ಬಿಡು ರತ್ನ, ಯಾಕ್ ಬೇಕು,” ಅಂದರು. ಅದು ಅವರ ಮಂತ್ರ. ಕೆಲಸ ಹೋದೀತು, ವೀಸಾ ಹೋದೀತು, ಓನರ್ ಬೇಜಾರಾದಾರು: ಹೆದರಿ ಹೆದರಿ ಬದುಕಿದ ಮನುಷ್ಯ. ಇಂಚರ ತಟ್ಟೆ ತಳ್ಳಿ ಎದ್ದಳು.

“ಫ್ರಿಜ್ ಮೂವ್ ಮಾಡಿದ್ರೆ ದೇವ್ರು? ಅದು ಅಮ್ಮ ಇಟ್ಟಿದ್ದು! ಯು ಕಾಂಟ್ ಜಸ್ಟ್ ಕಮ್ ಅಂಡ್ ಚೇಂಜ್ ಎವ್ರಿಥಿಂಗ್!”

ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ. ಇನ್ನು ಎರಡು ತಿಂಗಳಲ್ಲಿ ಹೋಗುವವಳು, ಈ ಮಗುವಿನ ಜೊತೆ ನನಗೇನು ಜಗಳ? “ಆಯ್ತಮ್ಮ, ಬಿಡು. ಬಾಗ್ಲು ಬೇಡ. ನಾಳೆ ಅವ್ರಿಗೆ ಹೇಳ್ಬಿಡ್ತೀನಿ,” ಅಂದೆ.

ಶ್ರೀಧರ ಅನ್ನ ಕಲೆಸುತ್ತಿದ್ದ ಕೈ ನಿಲ್ಲಿಸಿದರು. ಮಗಳ ಕಡೆ ನೋಡದೆಯೇ ಹೇಳಿದರು: “ಅಮ್ಮನೂ ಕೇಳಿದ್ಳು ಪುಟ್ಟ. ಈಶಾನ್ಯ ಮುಚ್ಚಿದೆ, ಅಲ್ಲೊಂದ್ ಕಿಟ್ಕಿನೋ ಬಾಗ್ಲೋ ಮಾಡಿಸಿ ಅಂತ. ಓನರ್ ಏನಂತಾರೋ ಅಂತ ನಾನೇ ಬೇಡ ಬಿಡು ಅಂದೆ. ಕೇಳಲೇ ಇಲ್ಲ ಅವ್ರನ್ನ. ಬಾಗ್ಲು ಆಗೋವರ್ಗೂ ಇಲ್ಲಿರ್ಲಿ ಅಂತ ದೇವ್ರನ್ನ ಫ್ರಿಜ್ ಮೇಲಿಟ್ಳು.”

“ಅಯ್ಯೋ, ನಿಮ್ಮ ಬೇಡ ಬಿಡುಗೆ ಬೆಂಕಿ ಹಾಕ!” ಎಂದುಬಿಟ್ಟೆ. ಮದುವೆಯಾದ ಮೇಲೆ ನಾನು ಅವರಿಗೆ ಬೈದದ್ದು ಅದೇ ಮೊದಲು, ಅದೂ ಸುಮಾಳ ಪರವಾಗಿ. ಅವರು ತಲೆ ತಗ್ಗಿಸಿದರು. ಇಂಚರ ಮೇಲೆ ಹೋದಳು.

ಮಾರನೆಯ ಬೆಳಿಗ್ಗೆ ಕಾಫಿಗೆ ಇಳಿದು ಬಂದರೆ ಫ್ರಿಜ್ಜಿನ ನೆತ್ತಿ ಬರಿದಾಗಿತ್ತು. ಒಲೆಗೂಡಿನ ಮುಂದಿನ ಬೀಸುವ ಕಲ್ಲಿನ ಮೇಲೆ ಗಣಪತಿ, ಲಕ್ಷ್ಮಿ, ದೀಪ, ಎಲ್ಲ ಸಾಲಾಗಿ ಕೂತಿದ್ದವು. ಮೂರನೆಯ ದೇವರಿಗೆ ಸಾಲುವಷ್ಟು ಜಾಗ ಪಕ್ಕದಲ್ಲಿ ಖಾಲಿ ಬಿಟ್ಟಿತ್ತು. ನಾನು ಸೂಟ್‌ಕೇಸ್ ತೆರೆದು ಚಾಮುಂಡಿಯನ್ನು ತಂದು ಅಲ್ಲಿಟ್ಟೆ. ಬೀಸುವ ಕಲ್ಲಿಗಿಂತ ಒಳ್ಳೆಯ ಪೀಠ ಅವಳಿಗೆ ಎಲ್ಲಿ ಸಿಗಬೇಕು?

ಏಪ್ರಿಲ್‌ನಲ್ಲಿ ಗಾರೆಯವರು ಬಂದು ಇಟ್ಟಿಗೆ ಬಿಚ್ಚಿದರು. ಕೊನೆಯ ಸಾಲು ತೆಗೆದಾಗ ಬೆಳಗಿನ ಬಿಸಿಲು ನೇರ ಒಳಗೆ ಬಂದು ಎದುರು ಗೋಡೆಗೆ ಹೊಡೆಯಿತು. ಗಾಳಿ ಒಂದು ಬಾಗಿಲಿಂದ ನುಗ್ಗಿ ಇನ್ನೊಂದರಿಂದ ಹೊರಟಿತು. ಮಾರ್ಗರೆಟ್ ಹೊಸ ಹೊಸ್ತಿಲ ಮೇಲೆ ಕೂತು ಹುಡುಗಿಯ ಹಾಗೆ ಕಾಲಾಡಿಸಿದರು. ಬಾಗಿಲ ಪಕ್ಕದ ಹಳೆಯ ಗಾರೆಯಲ್ಲಿ ನಾಲ್ಕು ಬೆರಳಿನ ಗುರುತಿತ್ತು, ಹಸಿಯಿದ್ದಾಗ ಯಾರೋ ಒತ್ತಿ ಸಮ ಮಾಡಿದ್ದು. ಇಂಚರ ಅದರೊಳಗೆ ತನ್ನ ಬೆರಳಿಟ್ಟು ನೋಡಿದಳು. ಅವಳ ಕೈ ಚಿಕ್ಕದು, ನನ್ನದು ಸರಿಯಾಗಿ ಕೂತಿತು. ಎರಡು ಬಾಗಿಲಿಟ್ಟು ಕಟ್ಟಿದ, ಹೆಸರೂ ಉಳಿಯದ ಆ ಗುಲಾಮನಿಗೆ ಒಂದರಿಂದಲೂ ಹೋಗುವ ಸ್ವಾತಂತ್ರ್ಯ ಇರಲಿಲ್ಲ. ಸೆರೆ ಸೆರೆ ಎಂದು ವರ್ಷವಿಡೀ ಗೊಣಗಿದ ನಾನು ಬೆರಳನ್ನು ಮೆಲ್ಲಗೆ ಹಿಂದಕ್ಕೆ ತೆಗೆದೆ.

ಆದರೂ ಹೊರಟೆ. ಟಿಕೆಟ್ ಆಗಿತ್ತು, ಮಂಜು ಕಾಯುತ್ತಿದ್ದ, ಗಿರಣಿ ಕರೆಯುತ್ತಿತ್ತು. ಶ್ರೀಧರ, “ಸ್ಟ್ಯಾಂಪಿಂಗ್ ಸಿಗ್ಲಿಲ್ಲ ಅಂದ್ರೆ?” ಎಂದು ಕೇಳಿದರು. “ನೋಡೋಣ,” ಅಂದೆ. ಅವರಿಗೆ ಅರ್ಥವಾಗಿತ್ತು. ಇಂಚರ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ನಮಗೆ ಬೆನ್ನು ಹಾಕಿ ಕೂತಿದ್ದಳು. ಬೈ ಅಂದರೆ ಕೈ ಎತ್ತಿದಳು, ತಿರುಗಲಿಲ್ಲ.

ನಂಜುಮಳಿಗೆಯಲ್ಲಿ ಶಟರ್ ಎತ್ತಿ ಬೆಲ್ಟ್ ಏರಿಸಿ ಸ್ವಿಚ್ ಹಾಕಿದಾಗ ನನಗಾದ ಸಂತೋಷ ಹೇಳತೀರದು. ಡಬ್ಬಿ ಹಿಡಿದು ಹಳಬರೆಲ್ಲ ಬಂದರು. “ಬಂದ್ಯಾ ರತ್ನಮ್ಮ! ನಿನ್ ಕೈ ಹಿಟ್ಟಿಲ್ದೆ ಮುದ್ದೆ ಗಂಟು ಗಂಟು,” ಎಂದು ಬೈದರು, ನಕ್ಕರು. ಬಾಯಿ ತುಂಬಾ ಮಾತಾಡಿದೆ. ಹುಬ್ಬಿನ ಮೇಲೆ ಹಿಟ್ಟು ಕೂತಿತು. ಇದೇ ನನ್ನ ಜಾಗ ಎಂದು ಗಟ್ಟಿಯಾಗಿ ಹೇಳಿಕೊಂಡೆ. ಆದರೆ ಮಧ್ಯಾಹ್ನ ಮಷಿನ್ ನಿಲ್ಲಿಸಿದರೆ ಯಾರೋ ಮೆಟ್ಟಿಲಿಳಿದು ಬರುತ್ತಾರೇನೋ ಎಂದು ಕಿವಿ ಕಾಯುತ್ತಿತ್ತು. ಆ ಅಂಗಡಿಗೆ ಮೆಟ್ಟಿಲೇ ಇಲ್ಲ. ಊಟಕ್ಕೆ ಕೂತರೆ ಹುಡುಗಿ ಸೀರಿಯಲ್ಲೇ ತಿನ್ನುತ್ತಿದ್ದಾಳೋ ಏನೋ ಎಂಬ ಯೋಚನೆ. ಚಿಕ್ಕವಳಿದ್ದಾಗಿನಿಂದ ಕೂತ ಅಡುಗೆಮನೆಯ ಮೂಲೆಯಲ್ಲಿ ಕೂತು ನೋಡಿದೆ. ಗೋಡೆಗಳು ಎರಡೂ ಕಡೆಯಿಂದ ಒತ್ತಿದ ಹಾಗಾಗಿ ಎದ್ದು ಬಂದೆ.

“ಏನ್ ಮಾಡ್ತೀಯ ಅಕ್ಕ? ಹೇಳ್ಬಿಡು, ಮಷಿನ್ ಇಡ್ಲಾ, ತೆಗೀಲಾ?” ಎಂದು ಮಂಜು ದಿನಾ ಪೀಡಿಸುತ್ತಿದ್ದ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಮುಂದಿನ ಡಬ್ಬಿಗೆ ಕೈ ಹಾಕುತ್ತಿದ್ದೆ.

ಒಂದು ಸಂಜೆ ಮೆಣಸಿನಕಾಯಿ ಬೀಸುತ್ತಿದ್ದಾಗ ಫೋನು ಬಂತು. ವೀಡಿಯೊದಲ್ಲಿ ಇಂಚರ. ಹಿಂದೆ ಬಾಗಿಲು ಬಡಿಯುವ ಸದ್ದು. ಅವಳು ತಾನಾಗಿ ನನಗೆ ಫೋನು ಮಾಡಿದ್ದು ಅದೇ ಮೊದಲು. ಮಷಿನ್ ನಿಲ್ಲಿಸಿದೆ.

“ಆಂಟಿ, ಗಾಳಿ ಬಂದ್ರೆ ಈ ಡೋರ್ ಬ್ಯಾಂಗ್ ಬ್ಯಾಂಗ್ ಆಗುತ್ತೆ. ಅಪ್ಪ ಲಾಕ್ ಮಾಡು ಅಂದ್ರು. ನಾನ್ ಮಾಡ್ಲಿಲ್ಲ.”

“ಯಾಕಮ್ಮ?”

ಬಾಗಿಲು ಮತ್ತೆ ಬಡಿಯಿತು. ಆಮೇಲೆ ಕೇಳಿದಳು: “ನೀವ್ ಯಾವ್ ಡೋರಿಂದ ಬರ್ತೀರ?”

ಬರುತ್ತೀರಾ ಎಂದು ಕೇಳಿದ್ದರೆ ನೋಡೋಣ ಅಂದುಬಿಡುತ್ತಿದ್ದೆನೇನೋ. ಅವಳು ಹಾಗೆ ಕೇಳಲಿಲ್ಲ.

“ಹಿತ್ಲ ಬಾಗ್ಲಿಂದ,” ಅಂದೆ. ಸೆರಗಿನಿಂದ ಕಣ್ಣು ಉಜ್ಜಿಕೊಂಡೆ.

“ಮೆಣಸಿನಕಾಯಾ ಆಂಟಿ?” ಎಂದಳು. ಹೌದು, ಮೆಣಸಿನಕಾಯಿ ಘಾಟು ಎಂದೆ.

ಮಷಿನ್ ಮಾರಬೇಡ, ಶಟರನ್ನೂ ಹಾಕಬೇಡ ಎಂದು ಮಂಜುವಿಗೆ ಹೇಳಿದೆ. ಎದುರು ಮನೆಯ ಪದ್ಮ ಈಗ ನಡೆಸುತ್ತಾಳೆ. ವರ್ಷಕ್ಕೊಮ್ಮೆ ಹೋದಾಗ ನಾನೇ ಬೀಸುತ್ತೇನೆ. ಮೊಬೈಲ್ ಅಂಗಡಿ ತಪ್ಪಿದ್ದಕ್ಕೆ ತಮ್ಮನಿಗೆ ಇನ್ನೂ ಮುನಿಸಿದೆ. ವೀಸಾ ಮುದ್ರೆಗೆ ಚೆನ್ನೈವರೆಗೂ ಅಲೆದು, ಕಾದು ಕಾದು, ಎಲೆ ಉದುರುವ ಕಾಲಕ್ಕೆ ವರ್ಜೀನಿಯಾ ತಲುಪಿದೆ. ಅಲ್ಲಿದ್ದಾಗ ಇಲ್ಲಿಯ ಸದ್ದು, ಇಲ್ಲಿದ್ದಾಗ ಅಲ್ಲಿಯ ಸದ್ದು, ನನ್ನ ಎರಡು ಕಿವಿಗಳಿಗೆ ಎರಡು ಊರಾಗಿದೆ. ಹೊಲದಾಚೆಯ ಗುಂಯ್ ಸದ್ದಿಗೆ ಇವತ್ತಿಗೂ ನನ್ನ ಕೈ ಸ್ವಿಚ್ ಹುಡುಕುತ್ತದೆ.

ವಾಪಸು ಬಂದಿಳಿದ ಆ ದಿನ ಶ್ರೀಧರ ಕಾರನ್ನು ಮುಂಬಾಗಿಲಿಗೇ ತಂದು ನಿಲ್ಲಿಸಿದರು. ಕುಂಕುಮದ ಕಲೆ ಕಲ್ಲಿನಲ್ಲಿ ಹಾಗೆಯೇ ಇತ್ತು. ನಾನು ಇಳಿದು, ಒದ್ದೆ ಹುಲ್ಲಿನಲ್ಲಿ ಸೂಟ್‌ಕೇಸ್ ಎಳೆದುಕೊಂಡು ಗೋಡೆಯ ಸುತ್ತ ಹಿಂದಕ್ಕೆ ಹೋದೆ. ಬಾಗಿಲು ತೆರೆದೇ ಇತ್ತು. ಸೂಟ್‌ಕೇಸಿನಲ್ಲಿ ಅರ್ಧಕ್ಕರ್ಧ ರಾಗಿ ಹಿಟ್ಟು, ಹೊಸ್ತಿಲು ದಾಟಲೊಲ್ಲದು. ಹೊರಗಿನಿಂದ ನಾನು ತಳ್ಳಿದೆ, ಒಳಗಿನಿಂದ ಇಂಚರ ಹಿಡಿದು ಜಗ್ಗಿದಳು. ಅದು ಒಳಗೆ ಹೋಯಿತು, ಅದರ ಹಿಂದೆ ನಾನೂ ಕಾಲಿಟ್ಟೆ.

“ಆಂಟಿ! ಚಪ್ಲಿ ಹೊರ್ಗೆ!” ಎಂದು ಗದರಿದಳು. “ಈಗ್ತಾನೇ ಸ್ವೀಪ್ ಮಾಡಿದೀನಿ.”

ನಾನು ಹಿಂದಕ್ಕೆ ಹೆಜ್ಜೆಯಿಟ್ಟು, ನಂಜುಮಳಿಗೆಯ ಹಿಟ್ಟು ಇನ್ನೂ ಮೆತ್ತಿದ್ದ ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬಂದೆ.